ಕೊಡೈಕೆನಾಲ್ ಕೆರೆ ಮತ್ತು ಸುತ್ತಲಿನ ಬೆಟ್ಟಗಳು: ಹೊರಡುವ ಮುನ್ನ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರು, ಮೈಸೂರು ಕಡೆಯಿಂದ ಕೊಡೈಕೆನಾಲಿಗೆ ಹೊರಟವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಅವಕ್ಕೆ ಇಲ್ಲಿ ಉತ್ತರಗಳಿವೆ. ಶುಲ್ಕ, ಬಾಡಿಗೆ, ತೆರೆಯುವ ಹೊತ್ತು ಆಗಾಗ ಬದಲಾಗುವುದರಿಂದ ಅವನ್ನು ಬರೆದಿಲ್ಲ. ಹೋದಾಗ ಸ್ಥಳದಲ್ಲೇ ವಿಚಾರಿಸಿಕೊಳ್ಳಿ. ನನ್ನ ಒಲವು ಯಾವ ಕಡೆಗಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಜಾಗಗಳ ಪಟ್ಟಿ ಹಿಡಿದು ಜೀಪಿನಲ್ಲಿ ಓಡಾಡುವುದಕ್ಕಿಂತ ಕೆರೆಯ ದಂಡೆಯಲ್ಲಿ ಸಾವಕಾಶವಾಗಿ ನಡೆಯುವುದರಲ್ಲೇ ಈ ಊರಿನ ಸುಖ ಹೆಚ್ಚು.

ಇದು ತಾನಾಗಿ ಆದ ಸರೋವರವೇ, ಕಟ್ಟಿಸಿದ ಕೆರೆಯೇ?

ಕಟ್ಟಿಸಿದ ಕೆರೆ. ಇಲ್ಲಿ ಮೊದಲು ಇದ್ದದ್ದು ಜೌಗು ಬಯಲು ಮತ್ತು ಅದರೊಳಗೆ ಹರಿಯುತ್ತಿದ್ದ ಸಣ್ಣ ತೊರೆಗಳು. ಮಧುರೈ ಜಿಲ್ಲೆಯ ಕಲೆಕ್ಟರ್ ಆಗಿದ್ದ ಸರ್ ವೇರ್ ಹೆನ್ರಿ ಲೆವಿಂಜ್ 1863ರಲ್ಲಿ ಆ ತೊರೆಗಳಿಗೆ ಅಡ್ಡಲಾಗಿ ಒಡ್ಡು ಹಾಕಿಸಿದರು. ಕೆರೆಗೆ ಮೀನು ಬಿಡಿಸಿದವರೂ ಅವರೇ, ತೂತ್ತುಕುಡಿಯಿಂದ ಮೊದಲ ದೋಣಿ ತರಿಸಿದವರೂ ಅವರೇ. ಅದಕ್ಕೂ ಮೊದಲು, 1845ರ ಸುಮಾರಿಗೆ, ಬಯಲುಸೀಮೆಯ ಜ್ವರ ಮತ್ತು ಕಾಲರಾಕ್ಕೆ ಹೆದರಿ ಅಮೆರಿಕದ ಮಿಷನರಿಗಳು ಬೆಟ್ಟ ಹತ್ತಿ ಇಲ್ಲಿ ಮನೆ ಕಟ್ಟಿಕೊಂಡಿದ್ದರು. ಕೆರೆಯ ಪಕ್ಕದಲ್ಲೇ ಇರುವ ಅಂತರರಾಷ್ಟ್ರೀಯ ಶಾಲೆ 1901ರಲ್ಲಿ ಶುರುವಾದದ್ದು ಅವರ ಮಕ್ಕಳಿಗಾಗಿ.

ಕೆರೆಯ ವಿಸ್ತಾರ ಸುಮಾರು 60 ಎಕರೆ. ನಮ್ಮ ಸೂಳೆಕೆರೆಯನ್ನು ಕಂಡವರಿಗೆ ಇದು ಚಿಕ್ಕದೆನಿಸುತ್ತದೆ. ಆದರೆ ಇದು ಇರುವುದು ಸಮುದ್ರಮಟ್ಟದಿಂದ 2,100 ಮೀಟರಿಗೂ ಹೆಚ್ಚು ಎತ್ತರದಲ್ಲಿ.

ಕೆರೆ ನಕ್ಷತ್ರದ ಆಕಾರದಲ್ಲಿದೆ ಎನ್ನುತ್ತಾರೆ. ದಂಡೆಯಲ್ಲಿ ನಿಂತರೆ ಹಾಗೆ ಕಾಣುವುದಿಲ್ಲವಲ್ಲ?

ಕಾಣುವುದಿಲ್ಲ, ಮತ್ತು ದಂಡೆಯ ಚೆಲುವು ಇರುವುದೇ ಅದರಲ್ಲಿ. ತೊರೆಗಳ ಕಣಿವೆಗಳೊಳಗೆ ನೀರು ನುಗ್ಗಿ ನಿಂತಿರುವುದರಿಂದ ಕೆರೆಗೆ ಹಲವು ತೋಳುಗಳು. ಯಾವ ಜಾಗದಲ್ಲಿ ನಿಂತರೂ ಒಂದೋ ಎರಡೋ ತೋಳು ಮಾತ್ರ ಕಣ್ಣಿಗೆ ಬೀಳುತ್ತವೆ. ಒಂದು ತಿರುವು ದಾಟಿದರೆ ಹಿಂದಿನ ನೀರು ಮರೆಯಾಗಿ ಬೇರೆಯದೇ ಕೆರೆಯೊಂದು ಎದುರಾದಂತೆ ಆಗುತ್ತದೆ. ಇಡೀ ಆಕಾರವನ್ನು ನೋಡಬೇಕಿದ್ದರೆ ಸೌರ ವೀಕ್ಷಣಾಲಯದ ಕಡೆಗೆ ಏರುವ ರಸ್ತೆಯಲ್ಲಿ ‘ಅಪ್ಪರ್ ಲೇಕ್ ವ್ಯೂ’ ಎಂಬ ಜಾಗವಿದೆ. ಮಂಜು ಇಲ್ಲದಿದ್ದಾಗ ಹೋಗಿ.

ಸುತ್ತು ಹಾಕಲು ಎಷ್ಟು ಹೊತ್ತು ಬೇಕು? ನಡೆಯುವುದೋ, ಸೈಕಲ್ಲೋ, ಕುದುರೆಯೋ?

ಸುತ್ತಳತೆ ಐದು ಕಿಲೋಮೀಟರಿನ ಆಸುಪಾಸು. ರಸ್ತೆ ಹೆಚ್ಚುಕಡಿಮೆ ಸಮತಟ್ಟು. ನಿಲ್ಲದೆ ನಡೆದರೆ ಒಂದು ಗಂಟೆ. ನಿಂತು ನೋಡುತ್ತಾ ನಡೆದರೆ ಎರಡು ಗಂಟೆ. ಎರಡು ಗಂಟೆಯನ್ನೇ ಇಟ್ಟುಕೊಳ್ಳಿ.

ಬೆಳಗಾಗುತ್ತಿದ್ದಂತೆ ಹೊರಡಿ. ಆ ಹೊತ್ತಿಗೆ ಬಾಡಿಗೆ ಸೈಕಲ್ಲುಗಳು ಇನ್ನೂ ಸರಪಳಿ ಕಟ್ಟಿಸಿಕೊಂಡು ಸಾಲಾಗಿ ನಿಂತಿರುತ್ತವೆ, ಜೋಳ ಸುಡುವವರ ಗಾಡಿಗಳ ಮೇಲೆ ಟಾರ್ಪಾಲು ಹೊದಿಸಿರುತ್ತದೆ, ವಾಹನಗಳ ಹಾರನ್ ಇರುವುದಿಲ್ಲ. ನೀರಿನ ಮೇಲೆ ಮೊಣಕಾಲೆತ್ತರಕ್ಕೆ ಆವಿ ಹಬ್ಬಿರುತ್ತದೆ. ಬಿಸಿಲು ಮೊದಲು ತಾಗಿದ ತೋಳಿನಲ್ಲಿ ಆವಿ ಕರಗಿ ನೀರು ಹೊಳೆಯುತ್ತಿದ್ದರೆ, ಬೆಟ್ಟದ ನೆರಳಿರುವ ಪಕ್ಕದ ತೋಳಿನಲ್ಲಿ ಅದು ಇನ್ನೂ ಕದಲಿರುವುದಿಲ್ಲ. ಚಳಿಗಾಲವಾದರೆ ದಂಡೆಯ ಹುಲ್ಲಿನಲ್ಲಿ ಬಾಲ ಕುಣಿಸುತ್ತಾ ಓಡಾಡುವ ಸಿಪಿಲೆ ಹಕ್ಕಿಗಳನ್ನು ನೋಡಬಹುದು. ಹಿಮಾಲಯದ ಕಡೆಯಿಂದ ಬರುವ ಈ ವಲಸಿಗರು ಜನ ಹತ್ತಿರ ಬಂದರೆ ನಾಲ್ಕು ಹೆಜ್ಜೆ ದೂರ ಹಾರಿ ಕೂರುತ್ತವೆ, ಅಷ್ಟೇ.

ಸೈಕಲ್ ತುಳಿಯುವ ಆಸೆಯಿದ್ದರೆ ಒಂಬತ್ತು ಗಂಟೆಯೊಳಗೆ ಮುಗಿಸಿ. ಆಮೇಲೆ ಕೆರೆಯ ರಸ್ತೆಯಲ್ಲಿ ಕಾರುಗಳ ನಡುವೆ ತೂರಿಕೊಂಡು ಹೋಗುವುದರಲ್ಲಿ ಸಂತೋಷವಿಲ್ಲ, ಮಕ್ಕಳಿಗಂತೂ ಕ್ಷೇಮವೂ ಅಲ್ಲ. ತೆಗೆದುಕೊಳ್ಳುವ ಮುನ್ನ ಬ್ರೇಕು ಒತ್ತಿ ನೋಡಿ, ಬಾಡಿಗೆ ಗಂಟೆಗೋ ಸುತ್ತಿಗೋ ಎಂದು ಕೇಳಿಕೊಳ್ಳಿ. ಕುದುರೆ ಸವಾರಿಯನ್ನು ನಾನು ಯಾರಿಗೂ ಹೇಳುವುದಿಲ್ಲ. ಡಾಂಬರಿನ ಮೇಲೆ, ವಾಹನಗಳ ಹೊಗೆಯ ನಡುವೆ ದಿನವಿಡೀ ಓಡುವ ಆ ಪ್ರಾಣಿಗಳನ್ನು ನೋಡಿದರೆ ಸಂಕಟವಾಗುತ್ತದೆ.

ದೋಣಿವಿಹಾರಕ್ಕೆ ಏನೇನಿದೆ?

ಪೆಡಲ್ ದೋಣಿಗಳು, ಹುಟ್ಟು ಹಾಕುವ ದೋಣಿಗಳು, ಕಾಶ್ಮೀರದ ಮಾದರಿಯ ಶಿಕಾರಾಗಳು. ಇಲ್ಲಿನ ಬೋಟ್ ಕ್ಲಬ್ 1890ರಷ್ಟು ಹಳೆಯದು. ತಮಿಳುನಾಡು ಪ್ರವಾಸೋದ್ಯಮ ನಿಗಮದ ದೋಣಿಮನೆಯೂ ಇದೆ. ಇಬ್ಬರು ಹಿರಿಯರು, ಎರಡು ಮಕ್ಕಳು ಇದ್ದರೆ ಅಂಬಿಗ ಇರುವ ದೋಣಿಯನ್ನೇ ತೆಗೆದುಕೊಳ್ಳಿ. ಪೆಡಲ್ ದೋಣಿಯಲ್ಲಿ ಅರ್ಧ ಗಂಟೆ ತುಳಿದು ದಣಿಯುವುದರಲ್ಲೇ ಹೊತ್ತು ಹೋಗಿ, ದೂರದ ತೋಳುಗಳವರೆಗೆ ಹೋಗಲು ಆಗುವುದಿಲ್ಲ. ಮಧ್ಯಾಹ್ನದ ಮೇಲೆ ಮಂಜು ಕವಿಯುವುದು ಸಾಮಾನ್ಯ, ಆದ್ದರಿಂದ ಬೆಳಗಿನ ಹೊತ್ತೇ ವಾಸಿ. ಲೈಫ್ ಜಾಕೆಟ್ ಕೊಟ್ಟರೆ ಸೀಟಿನ ಕೆಳಗೆ ಇಡಬೇಡಿ, ಹಾಕಿಕೊಳ್ಳಿ.

ಕೆರೆಯಲ್ಲಿ ಈಜಬಹುದೇ? ನೀರು ಶುದ್ಧವೇ?

ಈಜಬಾರದು. ನೀರು ತಣ್ಣಗಿದೆ, ಆಳ ಕೆಲವೆಡೆ 11 ಮೀಟರ್ ಮುಟ್ಟುತ್ತದೆ, ತಳದಲ್ಲಿ ಜಲಕಳೆ ದಟ್ಟವಾಗಿದೆ.

ಶುದ್ಧತೆಯ ಬಗ್ಗೆ ಮುಚ್ಚುಮರೆ ಬೇಡ. ಊರು ಬೆಳೆದಂತೆ ಚರಂಡಿಯ ನೀರು ಕೆರೆಗೆ ಸೇರುವುದು ಬಹಳ ಕಾಲದ ಸಮಸ್ಯೆ. ಕಳೆ ಹಬ್ಬುವುದಕ್ಕೆ ಅದೂ ಒಂದು ಕಾರಣ. ಇನ್ನೊಂದು ಗಾಯ ಇದಕ್ಕಿಂತ ಆಳದ್ದು. ಈ ಊರಿನಲ್ಲಿದ್ದ ಥರ್ಮಾಮೀಟರ್ ಕಾರ್ಖಾನೆಯ ಪಾದರಸದ ತ್ಯಾಜ್ಯ ಗುಜರಿ ಅಂಗಡಿ ಸೇರಿದ್ದು ಬಯಲಾಗಿ, ಜನರ ಪ್ರತಿಭಟನೆಯ ನಡುವೆ 2001ರಲ್ಲಿ ಕಾರ್ಖಾನೆ ಮುಚ್ಚಿತು. ಕೆರೆಯ ತಳದ ಹೂಳಿನಲ್ಲಿ, ಮೀನುಗಳಲ್ಲಿ ಪಾದರಸದ ಅಂಶ ಹೆಚ್ಚಿರುವುದನ್ನು ವಿಜ್ಞಾನಿಗಳು ದಾಖಲಿಸಿದರು. ಮಾಜಿ ಕಾರ್ಮಿಕರಿಗೂ ಕಂಪನಿಗೂ ಒಪ್ಪಂದವಾದದ್ದು 2016ರಲ್ಲಿ, ಹದಿನೈದು ವರ್ಷ ಕಳೆದ ಮೇಲೆ. ದೋಣಿಯಲ್ಲಿ ಕೂರಲು ಇದರಿಂದ ಯಾವ ಭಯವೂ ಇಲ್ಲ. ಆದರೆ ಇಷ್ಟು ಚೆಂದದ ನೀರಿಗೆ ಇಷ್ಟೆಲ್ಲ ಆಗಿದೆ ಎಂಬುದು ನೋಡಲು ಬರುವ ನಮಗೆ ಗೊತ್ತಿರಬೇಕು.

ಯಾವ ತಿಂಗಳು ಒಳ್ಳೆಯದು?

ಏಪ್ರಿಲ್, ಮೇ ತಿಂಗಳಲ್ಲಿ ಹಗಲು 20 ಡಿಗ್ರಿಯ ಆಚೀಚೆ ಇರುತ್ತದೆ. ಹವೆ ಹಿತ, ಆದರೆ ಊರು ತುಂಬಿ ತುಳುಕುತ್ತದೆ. ಮೇ ತಿಂಗಳ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ರಸ್ತೆಯಲ್ಲಿ ಕಾರು ಕದಲುವುದಿಲ್ಲ. ನಮ್ಮ ಮಲೆನಾಡಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ ಎಂಬುದು ನೆನಪಿರಲಿ. ಇಲ್ಲಿಗೆ ಜೋರು ಮಳೆ ತರುವುದು ಹಿಂಗಾರು. ಅಕ್ಟೋಬರ್, ನವೆಂಬರ್‌ನಲ್ಲಿ ಘಾಟಿಯಲ್ಲಿ ಮಣ್ಣು ಕುಸಿಯುವುದೂ ಉಂಟು. ಡಿಸೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಆಕಾಶ ನಿರ್ಮಲ, ರಾತ್ರಿ ಕೊರೆಯುವ ಚಳಿ. ಜನವರಿಯಲ್ಲಿ ಒಮ್ಮೊಮ್ಮೆ ಕೆರೆಯ ಬದಿಯ ಹುಲ್ಲಿನ ಮೇಲೆ ಹಿಮದ ಪದರ ಬೆಳ್ಳಗೆ ಕಟ್ಟಿರುತ್ತದೆ.

ನನ್ನ ಆಯ್ಕೆ ಜನವರಿ ಕೊನೆ ಮತ್ತು ಫೆಬ್ರವರಿ, ವಾರದ ನಡುವಿನ ದಿನಗಳು. ಸ್ವೆಟರ್, ಕಿವಿ ಮುಚ್ಚುವ ಟೋಪಿ ಬೇಕೇ ಬೇಕು.

ಕರ್ನಾಟಕದಿಂದ ಹೋಗುವುದು ಹೇಗೆ?

ಬೆಂಗಳೂರಿನಿಂದ ಸುಮಾರು 465 ಕಿಲೋಮೀಟರ್. ರಾತ್ರಿ ಬಸ್ಸುಗಳಿವೆ. ಸ್ವಂತ ಕಾರಾದರೆ ಹೊಸೂರು, ಸೇಲಂ, ನಾಮಕ್ಕಲ್, ಕರೂರು, ದಿಂಡಿಗಲ್ ದಾಟಿ ಬತ್ತಲಗುಂಡಿನಿಂದ ಘಾಟಿ ಹತ್ತಬೇಕು. ರೈಲಾದರೆ ಮೈಸೂರು–ತೂತ್ತುಕುಡಿ ಎಕ್ಸ್‌ಪ್ರೆಸ್ ಬೆಂಗಳೂರಿನ ಮೇಲೆ ದಿಂಡಿಗಲ್‌ಗೆ ಹೋಗುತ್ತದೆ. ಕೊಡೈ ರೋಡ್ ಎಂಬ ನಿಲ್ದಾಣದ ಹೆಸರು ಕಂಡು ಇಳಿದ ಕೂಡಲೇ ಊರು ಸಿಗುತ್ತದೆ ಎಂದುಕೊಳ್ಳಬೇಡಿ. ಅಲ್ಲಿಂದ ಬೆಟ್ಟದ ಮೇಲಿನ ಊರಿಗೆ ಇನ್ನೂ 80 ಕಿಲೋಮೀಟರ್ ರಸ್ತೆ ಇದೆ.

ಮೈಸೂರು, ಚಾಮರಾಜನಗರದವರಿಗೆ ದಿಂಬಂ ಘಾಟಿ, ಸತ್ಯಮಂಗಲ, ಪಳನಿ ಮಾರ್ಗ ಅನುಕೂಲ. ದಿಂಬಂನ 27 ತಿರುವುಗಳ ರಸ್ತೆಯಲ್ಲಿ ವನ್ಯಜೀವಿಗಳ ಸಲುವಾಗಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಹಗಲಿನಲ್ಲಿ ದಾಟುವಂತೆ ಹೊರಡಿ.

ಬತ್ತಲಗುಂಡಿನ ಕಡೆಯಿಂದ ಘಾಟಿ ಹತ್ತುವಾಗ ಊರಿಗೆ ಎಂಟು ಕಿಲೋಮೀಟರ್ ಮುಂಚೆ ರಸ್ತೆಯ ಪಕ್ಕದಲ್ಲೇ ಸಿಲ್ವರ್ ಕ್ಯಾಸ್ಕೇಡ್ ಎಂಬ ಜಲಪಾತ ಸಿಗುತ್ತದೆ. ಅಲ್ಲಿ ಸುಮಾರು 180 ಅಡಿ ಎತ್ತರದಿಂದ ಬೀಳುವುದು ನೀವು ನೋಡಲು ಹೊರಟಿರುವ ಕೆರೆಯ ಕೋಡಿಯ ನೀರೇ.

ಇ-ಪಾಸ್ ನಿಜವಾಗಿಯೂ ಬೇಕೇ?

ಬೇಕು. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಊಟಿ ಮತ್ತು ಕೊಡೈಕೆನಾಲಿಗೆ ಹೊರಗಿನ ವಾಹನಗಳಿಗೆ ಇ-ಪಾಸ್ ಕಡ್ಡಾಯ. ತಮಿಳುನಾಡು ಸರ್ಕಾರದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಹಣ ಕೇಳುವ ಮಧ್ಯವರ್ತಿಗಳ ಗೊಡವೆ ಬೇಡ. ಸರ್ಕಾರಿ ಬಸ್ಸಿನಲ್ಲಿ ಹೋಗುವವರಿಗೆ ಬೇಕಿಲ್ಲ. 2025ರ ಬೇಸಿಗೆಯಲ್ಲಿ ನ್ಯಾಯಾಲಯ ಕೊಡೈಕೆನಾಲಿಗೆ ದಿನಕ್ಕೆ 4,000 ವಾಹನ, ವಾರಾಂತ್ಯದಲ್ಲಿ 6,000 ವಾಹನ ಎಂಬ ಮಿತಿಯನ್ನೂ ಹಾಕಿತು. ಹೊರಡುವ ವಾರ ಆಗಿನ ನಿಯಮ ಏನಿದೆ ಎಂದು ನೋಡಿಕೊಳ್ಳಿ. ಕೆಲವರಿಗೆ ಇದು ಕಿರಿಕಿರಿ ಎನಿಸಿದೆ. ನನಗೆ ಇದು ಎಂದೋ ಆಗಬೇಕಿದ್ದ ಕೆಲಸ ಎನಿಸುತ್ತದೆ.

ನೀರಿನ ಬಾಟಲಿ ಒಯ್ಯಬಹುದೇ?

ಸ್ಟೀಲಿನದು ಒಯ್ಯಿರಿ. ಐದು ಲೀಟರಿಗಿಂತ ಚಿಕ್ಕ ಪ್ಲಾಸ್ಟಿಕ್ ಬಾಟಲಿಗಳಿಗೂ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಸಾಮಾನುಗಳಿಗೂ ಬೆಟ್ಟದ ಮೇಲೆ ನಿಷೇಧವಿದೆ. ಘಾಟಿಯಲ್ಲಿ ವಾಹನ ತಪಾಸಣೆ ಮಾಡುತ್ತಾರೆ, ಸಿಕ್ಕಿಬಿದ್ದರೆ ದಂಡ ಕಟ್ಟಬೇಕು. ಚಿಪ್ಸ್ ಪೊಟ್ಟಣ ಖಾಲಿಯಾದರೆ ಮಡಚಿ ಜೇಬಿಗೆ ಹಾಕಿಕೊಳ್ಳಿ. ಅದನ್ನು ನುಂಗುವ ಕಾಡುಕೋಣಗಳು ಈ ಊರಿನಲ್ಲೇ ಓಡಾಡುತ್ತವೆ.

ಊರಿನೊಳಗೇ ಕಾಡುಕೋಣವೇ?

ಹೌದು. ಸಂಜೆ, ನಸುಕಿನಲ್ಲಿ ಮನೆಗಳ ಹಿತ್ತಲಿಗೆ, ಕೆಲವೊಮ್ಮೆ ಪೇಟೆಯ ಬೀದಿಗೂ ಬರುತ್ತವೆ. ಕೊಡಗು, ಚಿಕ್ಕಮಗಳೂರಿನವರು ಕಾಟಿ ಎನ್ನುವುದು ಇದನ್ನೇ, ಅವರಿಗೆ ಬಿಡಿಸಿ ಹೇಳಬೇಕಿಲ್ಲ. ಮಿಕ್ಕವರಿಗೆ ಒಂದೇ ಮಾತು: ಎಷ್ಟು ಸಾಧುವಾಗಿ ಕಂಡರೂ ಹತ್ತಿರ ಹೋಗಿ ಮೊಬೈಲಿನಲ್ಲಿ ಸೆಲ್ಫಿ ತೆಗೆಯಬೇಡಿ. ಹತ್ತಿರ ಹೋಗಿ ತಿವಿಸಿಕೊಂಡವರಿದ್ದಾರೆ.

ಕೆರೆಯಿಂದ ನಡೆದೇ ಹೋಗಬಹುದಾದ ಜಾಗಗಳು ಯಾವುವು?

ಕೆರೆಯ ಪೂರ್ವಕ್ಕೆ ಬ್ರಯಾಂಟ್ ಉದ್ಯಾನವಿದೆ, ಇಪ್ಪತ್ತು ಎಕರೆ. ಮಧುರೈಯ ಅರಣ್ಯಾಧಿಕಾರಿ ಎಚ್.ಡಿ. ಬ್ರಯಾಂಟ್ 1908ರಲ್ಲಿ ರೂಪಿಸಿದ್ದು. ಲಾಲ್‌ಬಾಗ್ ನೋಡಿ ಬೆಳೆದವರಿಗೆ ಹೂವಿನ ಪಾತಿಗಳು ಹೊಸದೆನಿಸಲಾರವು, ಹಳೆಯ ಮರಗಳಿಗಾಗಿ ಹೋಗಿ.

ಅಲ್ಲಿಂದ ಸ್ವಲ್ಪ ದೂರದಲ್ಲಿ ಕೋಕರ್ಸ್ ವಾಕ್. ಬೆಟ್ಟದ ಅಂಚಿಗೆ ಅಂಟಿದ ಒಂದು ಕಿಲೋಮೀಟರಿನ ಕಾಲುದಾರಿ, 1872ರಲ್ಲಿ ಲೆಫ್ಟಿನೆಂಟ್ ಕೋಕರ್ ಮಾಡಿಸಿದ್ದು. ಕೆಳಗೆ ಬಯಲು, ದೂರದ ಊರುಗಳು, ಕೆರೆಗಳು. ಬೆನ್ನ ಹಿಂದೆ ಬಿಸಿಲು, ಎದುರಿಗೆ ಮಂಜಿನ ಗೋಡೆ ಇದ್ದರೆ ನಿಮ್ಮದೇ ನೆರಳು ಮಂಜಿನ ಮೇಲೆ ದೊಡ್ಡದಾಗಿ ಬಿದ್ದು, ತಲೆಯ ಸುತ್ತ ಬಣ್ಣದ ಬಳೆ ಕಾಣಿಸುವುದುಂಟು. ನೀರಿನ ಕಣಗಳ ಮೇಲೆ ಬಿದ್ದ ಬೆಳಕು ಹಿಂದಕ್ಕೆ ಚದುರುವುದರಿಂದ ಆಗುವ ನೋಟ ಅದು. ಎಲ್ಲ ದಿನವೂ ಸಿಗುವುದಿಲ್ಲ. ಮಧ್ಯಾಹ್ನದೊಳಗೆ ಹೋಗಿ, ಆಮೇಲೆ ಮಂಜು ಕವಿದರೆ ಬಿಳಿ ಬಿಟ್ಟು ಬೇರೇನೂ ಕಾಣದು.

ಬೇರ್ ಶೋಲಾ ಜಲಪಾತವೂ ಹತ್ತಿರವೇ. ಮಳೆಗಾಲದ ನಂತರ ಮಾತ್ರ ನೋಡುವಂತಿರುತ್ತದೆ.

ಸೌರ ವೀಕ್ಷಣಾಲಯ ನೋಡಲು ಯೋಗ್ಯವೇ? ಮಕ್ಕಳಿಗೆ ಬೇಸರವಾಗುವುದಿಲ್ಲವೇ?

ನನ್ನನ್ನು ಕೇಳಿದರೆ ಕೆರೆ ಬಿಟ್ಟರೆ ಊರಿನಲ್ಲಿ ತಪ್ಪಿಸಬಾರದ ಜಾಗ ಇದು. ಧಾತು ಮತ್ತು ಈಶ್ವರ ಸಂವತ್ಸರಗಳ ಬರವನ್ನು ನಮ್ಮ ಹಿರಿಯರ ಬಾಯಲ್ಲಿ ಕೇಳಿದವರಿರಬಹುದು. 1876ರಿಂದ 78ರವರೆಗೆ ಮದ್ರಾಸ್ ಪ್ರಾಂತ್ಯವನ್ನೂ ಮೈಸೂರು ಸಂಸ್ಥಾನವನ್ನೂ ಒಟ್ಟಿಗೆ ಸುಟ್ಟ ಬರ ಅದು. ಮಳೆ ಕೈಕೊಡುವುದಕ್ಕೂ ಸೂರ್ಯನಲ್ಲಾಗುವ ಬದಲಾವಣೆಗೂ ನಂಟಿದೆಯೇ ಎಂದು ಹುಡುಕುವ ಯೋಚನೆ ಬಲಗೊಂಡದ್ದು ಆ ಹಸಿವಿನ ನಂತರ. ಧೂಳಿಲ್ಲದ, ತಿಳಿ ಆಕಾಶದ ಎತ್ತರದ ಜಾಗ ಬೇಕೆಂದು ಕೊಡೈಕೆನಾಲನ್ನು ಆರಿಸಿ, 1899ರಲ್ಲಿ ಮದ್ರಾಸಿನ ವೀಕ್ಷಣಾಲಯದ ಕೆಲಸವನ್ನು ಇಲ್ಲಿಗೆ ತಂದರು.

1909ರ ಜನವರಿಯಲ್ಲಿ ಜಾನ್ ಎವರ್ಷೆಡ್ ಇಲ್ಲಿ ಸೂರ್ಯನ ಕಲೆಗಳನ್ನು ನೋಡುತ್ತಿದ್ದಾಗ, ಕಲೆಯ ಅಂಚಿನಲ್ಲಿ ಅನಿಲ ಹೊರಮುಖವಾಗಿ ಹರಿಯುವುದನ್ನು ಕಂಡುಹಿಡಿದರು. ಜಗತ್ತಿನ ಪಠ್ಯಪುಸ್ತಕಗಳಲ್ಲಿ ಅದು ಇಂದಿಗೂ ‘ಎವರ್ಷೆಡ್ ಪರಿಣಾಮ’. ನೂರು ವರ್ಷಕ್ಕೂ ಮೀರಿದ ಸೂರ್ಯನ ಚಿತ್ರಗಳ ಸಂಗ್ರಹ ಇಲ್ಲಿದೆ. ಈಗ ಇದನ್ನು ನಡೆಸುವುದು ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆ. ಸಣ್ಣ ವಸ್ತುಸಂಗ್ರಹಾಲಯವಿದೆ. ಹೋಗುವ ದಾರಿಯಲ್ಲಿ ಮಕ್ಕಳಿಗೆ ಬರದ ಕಥೆ ಹೇಳಿ, ಒಳಗೆ ಅವರೇ ಪ್ರಶ್ನೆ ಕೇಳುತ್ತಾರೆ.

ಪಿಲ್ಲರ್ ರಾಕ್ಸ್, ಗುಣಾ ಗುಹೆ, ಪೈನ್ ಕಾಡು: ಎಲ್ಲವನ್ನೂ ನೋಡಬೇಕೇ?

ಪಿಲ್ಲರ್ ರಾಕ್ಸ್ ನೋಡಿ. ಸುಮಾರು 400 ಅಡಿ ಎತ್ತರದ ಮೂರು ಬಂಡೆಗಂಬಗಳು ಮಂಜಿನೊಳಗಿಂದ ಒಂದೊಂದಾಗಿ ಹೊರಬರುವುದು ಕಾದು ನಿಂತವರಿಗೆ ಕಾಣುತ್ತದೆ. ಗುಣಾ ಗುಹೆಯ ಸೀಳುಗಳಲ್ಲಿ ಬಿದ್ದು ಪ್ರಾಣ ಕಳೆದುಕೊಂಡವರಿದ್ದಾರೆ. ಬೇಲಿಯ ಈಚೆಯೇ ನಿಂತು ನೋಡಿ. ರೀಲ್ಸ್‌ಗಾಗಿ ಬೇಲಿ ಹಾರುವವರ ಜೊತೆ ಸೇರಬೇಡಿ.

ಪೈನ್ ಕಾಡು ಫೋಟೊಗೆ ಚೆಂದ. ಆದರೆ ಅದು ನೆಟ್ಟ ತೋಪು, ಈ ನೆಲದ ಕಾಡಲ್ಲ. ಇಲ್ಲಿನ ನಿಜವಾದ ಕಾಡು ಶೋಲಾ: ಗುಡ್ಡದ ನೆತ್ತಿಯಲ್ಲಿ ಹುಲ್ಲು, ಕಣಿವೆಯ ಸಂದಿನಲ್ಲಿ ಗಿಡ್ಡನೆಯ ದಟ್ಟ ಮರಗಳು. ಕುದುರೆಮುಖ, ಮುಳ್ಳಯ್ಯನಗಿರಿಯಲ್ಲಿ ಇದನ್ನು ನೋಡಿರುತ್ತೀರಿ. ಮಳೆ ನೀರನ್ನು ಸ್ಪಂಜಿನಂತೆ ಹಿಡಿದಿಟ್ಟುಕೊಂಡು ಬೇಸಿಗೆಯಲ್ಲಿ ತೊಟ್ಟಿಕ್ಕಿಸುವುದು ಈ ಹುಲ್ಲು ಮತ್ತು ಶೋಲಾಗಳ ಜೋಡಿ. ಕೆರೆಗೆ ಬರುವ ತೊರೆಗಳು ಹುಟ್ಟುವುದೂ ಅಲ್ಲೇ. ಸೌದೆ, ತೊಗಟೆ, ಕಾಗದಕ್ಕೆಂದು ಪೈನ್, ನೀಲಗಿರಿ, ವ್ಯಾಟಲ್ ನೆಟ್ಟು ಹುಲ್ಲುಗಾವಲಿನ ಬಹುಪಾಲನ್ನು ಕಳೆದುಕೊಂಡಿದ್ದೇವೆ. ಉಳಿದದ್ದನ್ನು ಕಾಪಾಡಲು 2013ರಲ್ಲಿ ಕೊಡೈಕೆನಾಲ್ ವನ್ಯಜೀವಿಧಾಮ ಘೋಷಣೆಯಾಯಿತು, ಸುಮಾರು 609 ಚದರ ಕಿಲೋಮೀಟರ್.

ಕುರಿಂಜಿ ಹೂ ಯಾವಾಗ?

ಹನ್ನೆರಡು ವರ್ಷಕ್ಕೊಮ್ಮೆ ಅರಳುವ ನೀಲಕುರಿಂಜಿ ಇಲ್ಲಿ 2006ರಲ್ಲಿ, 2018ರಲ್ಲಿ ಅರಳಿತು. ಮುಂದಿನದು 2030. ನಮ್ಮ ಚಂದ್ರದ್ರೋಣ ಪರ್ವತದಲ್ಲಿ 2022ರಲ್ಲಿ ಅರಳಿದ್ದನ್ನು ನೋಡಿ ‘ಅಲ್ಲಿಯೂ ಈಗಲೇ ಇರುತ್ತದೆ’ ಎಂದು ಹೊರಡಬೇಡಿ, ಬೆಟ್ಟದಿಂದ ಬೆಟ್ಟಕ್ಕೆ ಲೆಕ್ಕ ಬೇರೆ.

ಜನಜಂಗುಳಿ ಇಲ್ಲದ ಬೇರೆ ಕೆರೆ ಹತ್ತಿರದಲ್ಲಿದೆಯೇ?

ಎರಡಿವೆ. ಬೆರಿಜಂ ಸುಮಾರು 20 ಕಿಲೋಮೀಟರ್ ದೂರ, ಕಾಯ್ದಿಟ್ಟ ಅರಣ್ಯದೊಳಗೆ. ಅರಣ್ಯ ಇಲಾಖೆಯ ಅನುಮತಿ ಪಡೆಯಬೇಕು, ದಿನಕ್ಕೆ ಇಂತಿಷ್ಟೇ ವಾಹನ. ಆನೆಗಳು ಬಂದು ನಿಂತರೆ ದಾರಿ ಮುಚ್ಚುತ್ತಾರೆ, ಗೊಣಗದೆ ಹಿಂತಿರುಗಿ. ಅಲ್ಲಿ ದೋಣಿಯಿಲ್ಲ, ಅಂಗಡಿಯಿಲ್ಲ. ದಂಡೆಯವರೆಗೆ ಇಳಿದು ಬಂದ ಕಾಡು, ಅದರ ನೆರಳು ಬಿದ್ದ ನೀರು. ಪೆರಿಯಕುಳಂ ಪಟ್ಟಣ ಕುಡಿಯುವುದು ಈ ಕೆರೆಯ ನೀರನ್ನು.

ಮನ್ನವನೂರು ಸುಮಾರು 35 ಕಿಲೋಮೀಟರ್. ಹುಲ್ಲಿನ ಇಳಿಜಾರುಗಳ ನಡುವೆ ಕೆರೆ, ಪಕ್ಕದಲ್ಲಿ ಕೇಂದ್ರ ಸರ್ಕಾರದ ಕುರಿ ಸಾಕಣೆ ಕೇಂದ್ರ. ದಾರಿಯಲ್ಲಿ ಪೂಂಬಾರೈ ಸಿಗುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಹೊಲಗಳು, ನಡುವೆ ಒತ್ತೊತ್ತಾದ ಮನೆಗಳು, ಮುರುಗನ ಹಳೆಯ ಗುಡಿ. ಇಲ್ಲಿ ಬೆಳೆಯುವ ಬೆಟ್ಟದ ಬೆಳ್ಳುಳ್ಳಿಗೆ 2019ರಲ್ಲಿ ಭೌಗೋಳಿಕ ಗುರುತು ದೊರೆತಿದೆ. ಮನೆಗಳ ಮುಂದೆ ಗೊಂಚಲು ಕಟ್ಟಿ ನೇತು ಹಾಕಿರುತ್ತಾರೆ. ಬೆಳೆದವರ ಕೈಯಿಂದಲೇ ಕೊಳ್ಳಿ.

ಒಂದೇ ದಿನದಲ್ಲಿ ಮುಗಿಸಬಹುದೇ?

ಬೇಡ. ಎರಡು ರಾತ್ರಿಯಾದರೂ ಇರಿ. ಒಂದು ಬೆಳಿಗ್ಗೆ ಕೆರೆಗೆ, ಇನ್ನೊಂದು ದಿನ ಪೂಂಬಾರೈ, ಮನ್ನವನೂರಿಗೆ.

ವಯಸ್ಸಾದ ತಂದೆ ತಾಯಿಯನ್ನು ಕರೆದೊಯ್ಯಬಹುದೇ?

ಧಾರಾಳವಾಗಿ. ಕೆರೆಯ ರಸ್ತೆ ಮತ್ತು ಕೋಕರ್ಸ್ ವಾಕ್ ಅವರಿಗೆ ಕಷ್ಟವಾಗುವುದಿಲ್ಲ. ವಟ್ಟಕಾನಲ್ ಕಡೆಯ ಡಾಲ್ಫಿನ್ಸ್ ನೋಸ್ ಬೇಡ. ಬೇರುಗಳ ಮೇಲೆ ಕಡಿದಾಗಿ ಇಳಿದು ಮತ್ತೆ ಹತ್ತಬೇಕು. ಘಾಟಿಯ ತಿರುವುಗಳಲ್ಲಿ ಹೊಟ್ಟೆ ತೊಳಸುವುದು ಹೆಚ್ಚಿನವರಿಗೆ ಆಗುತ್ತದೆ. ಹತ್ತುವ ಮುನ್ನ ಹೊಟ್ಟೆ ಬಿರಿಯ ತಿನ್ನದೆ ಎರಡು ಇಡ್ಲಿಗೆ ನಿಲ್ಲಿಸಿ. ಉಬ್ಬಸ ಇರುವವರು ಔಷಧಿಯನ್ನು ಕೈಚೀಲದಲ್ಲೇ ಇಟ್ಟುಕೊಳ್ಳಲಿ, ರಾತ್ರಿಯ ಚಳಿಗೆ ಬೇಕಾಗಬಹುದು.

ಮರಳುವಾಗ ಪಳನಿಗೆ ಹೋಗಬಹುದೇ? ಏನು ತರಬೇಕು?

ಹೋಗಬಹುದು, 65 ಕಿಲೋಮೀಟರ್ ಇಳಿಜಾರು. ಮೈಸೂರಿನವರಿಗೆ ಅದೇ ದಾರಿ. ಈ ಬೆಟ್ಟಗಳ ಕೆಳಗಿನ ಇಳಿಜಾರುಗಳಲ್ಲಿ ವಿರೂಪಾಕ್ಷಿ ಎಂಬ ಬಾಳೆ ಬೆಳೆಯುತ್ತದೆ. ಗಿಡ್ಡ ಕಾಯಿ, ತಿರುಳಿನಲ್ಲಿ ನೀರಿನಂಶ ಕಡಿಮೆ. ಪಳನಿಯ ಪಂಚಾಮೃತ ತಿಂಗಳುಗಟ್ಟಲೆ ಕೆಡದೆ ಉಳಿಯುವುದಕ್ಕೆ ಈ ಹಣ್ಣೂ ಒಂದು ಕಾರಣ. ಊರಿನಲ್ಲಿ ಮನೆಯಲ್ಲೇ ಮಾಡಿದ ಚಾಕೊಲೇಟು, ನೀಲಗಿರಿ ಎಣ್ಣೆ ಎಲ್ಲ ಅಂಗಡಿಯಲ್ಲೂ ಸಿಗುತ್ತವೆ. ಚಾಕೊಲೇಟನ್ನು ಬೆಟ್ಟ ಇಳಿಯುವ ದಿನವೇ ಕೊಳ್ಳಿ, ಬಿಸಿಲಿಗೆ ಬೀಳದಂತೆ ಇಡಿ; ಪಳನಿ ತಲುಪುವಷ್ಟರಲ್ಲಿ ಸೆಕೆ ಶುರುವಾಗಿರುತ್ತದೆ.